ಪಿಕಪ್‌ನ ಬಿಸಿಎಮ್ ಬದಲಿಸುವುದು: ಕರಾವಳಿಯ ಗಾಡಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಇಂಡಿಕೇಟರ್ ಹಾಕಿದರೆ ವೈಪರ್ ಓಡುತ್ತದೆ. ಕೀ ತೆಗೆದ ಮೇಲೂ ಕ್ಯಾಬಿನ್ ಲೈಟ್ ಆರುವುದಿಲ್ಲ. ರಾತ್ರಿ ನಿಲ್ಲಿಸಿದ ಗಾಡಿ, ಬೆಳಗಿನ ಜಾವ ಮಲ್ಪೆ ಬಂದರಿಗೆ ಹೊರಡುವ ಹೊತ್ತಿಗೆ ಸೆಲ್ಫ್ ಎತ್ತುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಹೋದರೆ ಐದು ನಿಮಿಷದಲ್ಲಿ ತೀರ್ಪು ಬರುತ್ತದೆ: "ಬಿಸಿಎಮ್ ಹೋಗಿದೆ ಮಾರಾಯ್ರೆ, ಹೊಸದೇ ಹಾಕ್ಬೇಕು."

ಹೋಗಿರಲೂಬಹುದು. ಆದರೆ ನಮ್ಮ ಕಡೆಯ ಪಿಕಪ್‌ಗಳಲ್ಲಿ ಬಿಸಿಎಮ್ (ಲೈಟು, ವೈಪರ್, ಲಾಕ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ತಾನಾಗಿ ಸಾಯುವುದು ಕಮ್ಮಿ. ನೀರು, ಉಪ್ಪು, ಇಲಿ, ಇಲ್ಲವೇ ಹೆಚ್ಚುವರಿ ಲೈಟಿಗೆ ವಯರ್ ಎಳೆದ ಯಾರದೋ ಕೈ ಅದನ್ನು ಕೊಂದಿರುತ್ತದೆ. ಆ ಕಾರಣ ಸಿಗದೆ ಹೊಸದನ್ನು ಹಾಕಿದರೆ, ಅದೂ ಮುಂದಿನ ಮಳೆಗಾಲ ದಾಟುವುದು ಕಷ್ಟ. ಹಾಗಾಗಿ ಈ ಬರಹದಲ್ಲಿ ಬಿಚ್ಚುವ ಕೆಲಸಕ್ಕಿಂತ ಹುಡುಕುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಬಿಚ್ಚಿ ಹಾಕುವುದು ನಿಜಕ್ಕೂ ಅಷ್ಟು ಕಷ್ಟ ಇಲ್ಲ.

ಬಿಸಿಎಮ್ ಅಂದರೆ ಯಾವುದು

ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವುದರ ಚುಟುಕು ಹೆಸರು ಬಿಸಿಎಮ್. ಹೆಡ್‌ಲೈಟ್, ಇಂಡಿಕೇಟರ್, ವೈಪರ್, ಹಾರ್ನ್, ಡೋರ್ ಲಾಕ್, ಪವರ್ ವಿಂಡೋ ಇವೆಲ್ಲ ಇದರ ಕೈಕೆಳಗೆ. ನೀವು ಸ್ವಿಚ್ ಒತ್ತಿದಾಗ ಕರೆಂಟು ನೇರವಾಗಿ ಬಲ್ಬಿಗೆ ಹೋಗುವುದಿಲ್ಲ. ಸ್ವಿಚ್ ಬಿಸಿಎಮ್‌ಗೆ ಸಂಕೇತ ಕೊಡುತ್ತದೆ. ಬಿಸಿಎಮ್ ತನ್ನೊಳಗಿನ ಎಲೆಕ್ಟ್ರಾನಿಕ್ ಸ್ವಿಚ್ಚಿನಿಂದಲೋ ಹೊರಗಿನ ರಿಲೇಯಿಂದಲೋ ಬಲ್ಬು ಉರಿಸುತ್ತದೆ. ಇಂಜಿನ್ ನೋಡಿಕೊಳ್ಳುವ ಇಸಿಎಮ್ ಬೇರೆಯೇ. ಎರಡೂ ಮಾಡ್ಯೂಲ್‌ಗಳು, ಜೊತೆಗೆ ಮೀಟರ್ ಬೋರ್ಡು, ಕ್ಯಾನ್ ಅನ್ನುವ ಎರಡು ಹೆಣೆದ ವಯರ್‌ಗಳ ಮೂಲಕ ಮಾತಾಡಿಕೊಳ್ಳುತ್ತವೆ. ಎಷ್ಟೋ ಗಾಡಿಗಳಲ್ಲಿ ಕೀ ಗುರುತು ಹಿಡಿಯುವ ಇಮ್ಮೊಬಿಲೈಸರ್ ಕೂಡ ಬಿಸಿಎಮ್ ಒಳಗೇ ಇರುತ್ತದೆ.

ಹಳೆಯ ಪಿಕಪ್ ಆಗಿದ್ದರೆ ಮೊದಲು ಗಾಡಿಯಲ್ಲಿ ಬಿಸಿಎಮ್ ಉಂಟೋ ಇಲ್ಲವೋ ಕೇಳಿಕೊಳ್ಳಿ. ಅವುಗಳಲ್ಲಿ ಇಂಡಿಕೇಟರಿಗೆ ಫ್ಲ್ಯಾಶರ್, ವೈಪರಿಗೆ ಒಂದು ರಿಲೇ, ಅಷ್ಟೇ ಇರುತ್ತದೆ. ಅದಕ್ಕೆ ಈ ಸಾಹಸ ಬೇಡ.

ಯಾವಾಗ ಮಾಡುವುದು, ಏನೇನು ಬೇಕು

ಮೀನಿನ ಗಾಡಿ ಇಟ್ಟುಕೊಂಡವರಿಗೆ ಒಳ್ಳೆಯ ಸಮಯ ಜೂನ್ 1ರಿಂದ ಜುಲೈ 31ರ ತನಕ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ ಆ 61 ದಿನ ಗಾಡಿಗೂ ಕೆಲಸ ಕಡಿಮೆ. ಆದರೆ ಸುಮ್ನೆ ನಿಂತ ಗಾಡಿಗೆ ಇಲಿ ಸೇರುವುದು, ಬ್ಯಾಟರಿ ಇಳಿಯುವುದು ಕೂಡ ಅದೇ ದಿನಗಳಲ್ಲಿ. ಮಳೆ ಬೇರೆ ಇರುತ್ತದೆ. ಶೆಡ್ಡಿನ ಕೆಳಗೆ, ಒಣ ನೆಲದ ಮೇಲೆ ಗಾಡಿ ನಿಲ್ಲಿಸಿಕೊಳ್ಳಿ.

ಒಂದು ಡಿಜಿಟಲ್ ಮಲ್ಟಿಮೀಟರ್, 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವಯರ್ ಕಟ್ಟಿ ಮಾಡಿದ ಟೆಸ್ಟ್ ಲ್ಯಾಂಪ್, 10ರ ಪಾನಾ, ಸ್ಕ್ರೂ ಡ್ರೈವರ್‌ಗಳು, ಪ್ಲಾಸ್ಟಿಕ್ ಟ್ರಿಮ್ ಟೂಲ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಟಾರ್ಚು ಸಾಕು. ಜೊತೆಗೆ ನಿಮ್ಮ ಮಾಡೆಲ್‌ನ ವಯರಿಂಗ್ ನಕ್ಷೆ. ಅದು ಇಲ್ಲದೆ ಬಿಸಿಎಮ್ ಕಪ್ಲರಿಗೆ (ವಯರ್ ಗೊಂಚಲಿನ ತುದಿಯ ಪ್ಲಗ್ಗಿಗೆ) ಮೀಟರ್ ಹಿಡಿಯುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಸ್ಕ್ಯಾನರ್ (ಮಾಡ್ಯೂಲ್‌ಗಳ ಜೊತೆ ಮಾತಾಡಿ ದೋಷದ ಕೋಡ್ ಓದುವ ಸಾಧನ) ಬೇಕೇ ಬೇಕು. ಎರಡು ಸಾವಿರ ರೂಪಾಯಿಯ ಬ್ಲೂಟೂತ್ ಅಡಾಪ್ಟರ್ ಇಂಜಿನ್ ಕೋಡನ್ನೇನೋ ಓದುತ್ತದೆ. ಬಿಸಿಎಮ್ ಒಳಗೆ ಹೋಗಿ ಲೈವ್ ಡಾಟಾ ನೋಡಲು, ಕೋಡಿಂಗ್ ಮಾಡಲು (ಅಂದರೆ ಗಾಡಿಯ ವಿವರಗಳನ್ನು ಬಿಸಿಎಮ್‌ಗೆ ಬರೆಯಲು) ನಿಮ್ಮ ಕಂಪನಿಯ ಗಾಡಿಗೆ ಹೊಂದುವ ಸ್ಕ್ಯಾನರೇ ಆಗಬೇಕು. ಬೈಕಂಪಾಡಿ, ಮಣಿಪಾಲದಂಥ ಕಡೆ ಮನೆಗೇ ಬಂದು ಸ್ಕ್ಯಾನ್ ಮಾಡಿಕೊಡುವವರನ್ನು ವಿಚಾರಿಸಿದರೆ ಸಿಗಬಹುದು. ಪಾರ್ಟ್ ಕೊಳ್ಳುವ ಮೊದಲೇ ಅವರ ಜೊತೆ ಮಾತಾಡಿಟ್ಟುಕೊಳ್ಳಿ. ಈ ಗಾಡಿಗೆ ಕೋಡಿಂಗ್ ಆಗುತ್ತದಾ, ಕೀ ಕಲಿಸಲು ಬರುತ್ತದಾ, ಎರಡನ್ನೂ ಕೇಳಿ.

ತಪ್ಪು ಬಿಸಿಎಮ್‌ದೇ ಹೌದಾ?

ಶುರು ಬ್ಯಾಟರಿಯಿಂದ. ಒಂದೆರಡು ಗಂಟೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ತೀರಾ ಕೆಳಗಿಳಿದರೆ ಮಾಡ್ಯೂಲ್‌ಗಳೆಲ್ಲ ತಲೆತಿರುಗಿದ ಹಾಗೆ ಆಡುತ್ತವೆ, ಸಂಬಂಧವೇ ಇಲ್ಲದ ಕೋಡುಗಳು ರಾಶಿ ಬೀಳುತ್ತವೆ. ಸುಸ್ತಾದ ಬ್ಯಾಟರಿ ಇಟ್ಟುಕೊಂಡು ಬಿಸಿಎಮ್ ಪರೀಕ್ಷೆಗೆ ಇಳಿಯಬೇಡಿ.

ಆಮೇಲೆ ಸ್ಕ್ಯಾನ್. ಬಿ ಅಕ್ಷರದ ಕೋಡುಗಳು ಬಾಡಿಗೆ ಸೇರಿದವು, ಯು ಅಕ್ಷರದವು ಮಾಡ್ಯೂಲ್‌ಗಳ ನಡುವಿನ ಮಾತುಕತೆಗೆ. ಯು0140 ಬಂದರೆ ಬಿಸಿಎಮ್ ಜೊತೆ ಸಂಪರ್ಕ ಕಡಿದಿದೆ ಎಂದರ್ಥ. ಸಂಪರ್ಕ ಯಾಕೆ ಕಡಿಯಿತು ಅನ್ನುವುದನ್ನು ಕೋಡ್ ಹೇಳುವುದಿಲ್ಲ. ಫ್ಯೂಸ್ ಹೋಗಿದ್ದರೂ, ಇಲಿ ವಯರ್ ಕಡಿದಿದ್ದರೂ ಇದೇ ಕೋಡ್ ಬರುತ್ತದೆ. ಎಲ್ಲ ಕೋಡ್‌ಗಳ ಫೋಟೋ ತೆಗೆದಿಟ್ಟು, ಅಳಿಸಿ, ಮತ್ತೆ ಯಾವುದು ಬರುತ್ತದೆ ನೋಡಿ. ವಾಪಸ್ ಬಂದದ್ದಷ್ಟೇ ಈಗಿನ ಕಾಯಿಲೆ.

ಬಿಸಿಎಮ್‌ಗೆ ಬರುವ ಕರೆಂಟು ಒಂದೇ ವಯರಿನಲ್ಲಿ ಬರುವುದಿಲ್ಲ. ಬ್ಯಾಟರಿಯಿಂದ ಸದಾ ಬರುವುದು, ಇಗ್ನಿಷನ್ ಆನ್ ಆದಾಗ ಬರುವುದು, ಲೈಟುಗಳಿಗೆ ಬೇರೆ, ಲಾಕಿಗೆ ಬೇರೆ ಅಂತ ಹಲವು ಫ್ಯೂಸ್‌ಗಳು ಇರುತ್ತವೆ. ಒಂದು ಫ್ಯೂಸ್ ಹೋದರೆ ಅರ್ಧ ಬಿಸಿಎಮ್ ಸತ್ತ ಹಾಗೆ ಕಾಣುತ್ತದೆ. ನಕ್ಷೆ ನೋಡಿ ಎಲ್ಲವನ್ನೂ ಪರೀಕ್ಷಿಸಿ. ಮೀಟರ್ 12 ವೋಲ್ಟ್ ತೋರಿಸಿತು ಅಂತ ಅಲ್ಲಿಗೇ ನಿಲ್ಲಬೇಡಿ. ಕಿಲುಬು ಹಿಡಿದು ಒಂದೇ ಎಳೆ ಉಳಿದ ವಯರಿನಲ್ಲೂ ಮೀಟರ್ 12 ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಮ್ಮಿ. 21 ವ್ಯಾಟ್ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬಿಸಿಎಮ್ ಕಪ್ಲರ್ ಬಿಚ್ಚಿ, ಸಪ್ಲೈ ವಯರ್ ಮತ್ತು ಅರ್ತ್ (ಗಾಡಿಯ ಲೋಹದ ಮೈ ಮೂಲಕ ಕರೆಂಟು ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ) ನಡುವೆ ಆ ಬಲ್ಬು ಹಿಡಿದು ನೋಡಿ. ಭಗ್ಗನೆ ಉರಿದರೆ ಲೈನ್ ಸರಿ. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ತುಕ್ಕು ಉಂಟು. ಬಲ್ಬಿನ ವಯರನ್ನು ಕಪ್ಲರ್ ಪಿನ್ನಿಗೆ ತುರುಕಬೇಡಿ, ಪಿನ್ ಅಗಲವಾದರೆ ಹೊಸ ರಗಳೆ.

ಈಗ ಅರ್ತ್. ಕರಾವಳಿಯಲ್ಲಿ ಅರ್ಧಕ್ಕರ್ಧ ಕಥೆ ಇಲ್ಲೇ ಮುಗಿಯುತ್ತದೆ. ಕಪ್ಲರ್ ಜೋಡಿಸಿ, ಹೆಡ್‌ಲೈಟ್, ಹಜಾರ್ಡ್, ವೈಪರ್ ಎಲ್ಲ ಆನ್ ಮಾಡಿ. ಮೀಟರಿನ ಕಪ್ಪು ತುದಿ ಬ್ಯಾಟರಿಯ ನೆಗೆಟಿವ್ ಮೇಲೆ, ಕೆಂಪು ತುದಿ ಬಿಸಿಎಮ್ ಅರ್ತ್ ವಯರಿಗೆ ಕಪ್ಲರಿನ ಹಿಂಬದಿಯಿಂದ. 0.1 ವೋಲ್ಟಿಗಿಂತ ಕಮ್ಮಿ ಬಂದರೆ ಅರ್ತ್ ಗಟ್ಟಿ. 0.2 ದಾಟಿದರೆ ಆ ಅರ್ತ್ ಬೋಲ್ಟ್ ಎಲ್ಲಿದೆ ಹುಡುಕಿ, ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು, ಹೊಳೆಯುವ ಲೋಹ ಕಂಡ ಮೇಲೆ ಬಿಗಿಯಿರಿ. ಮೇಲಿಂದ ಗ್ರೀಸ್ ಹಚ್ಚಿ. ಅಳೆಯಲೆಂದು ವಯರಿನ ಮೈಗೆ ಸೂಜಿ ಚುಚ್ಚುವ ಅಭ್ಯಾಸ ಮಾತ್ರ ನಮ್ಮ ಕಡೆ ಬೇಡವೇ ಬೇಡ. ಆ ತೂತಿನಿಂದ ಉಪ್ಪು ಗಾಳಿ ಒಳಗೆ ಹೋದರೆ ತಾಮ್ರ ಒಳಗೊಳಗೇ ಹಸಿರಾಗಿ ಪುಡಿಯಾಗುತ್ತದೆ.

ಬ್ರೇಕ್ ಒತ್ತಿದಾಗ ಹಿಂದಿನ ಇಂಡಿಕೇಟರ್ ಮಿಣುಕಿದರೆ, ಅಥವಾ ಇಂಡಿಕೇಟರ್ ಜೊತೆ ಪಾರ್ಕ್ ಲೈಟೂ ಬಡಿದುಕೊಂಡರೆ, ಬಿಸಿಎಮ್ ಬಿಟ್ಟು ಹಿಂದಕ್ಕೆ ನಡೆಯಿರಿ. ಅಲ್ಲಿ ಲೈಟಿನ ಅರ್ತ್ ಹೋಗಿರುತ್ತದೆ. ಕರೆಂಟಿಗೆ ವಾಪಸ್ ಹೋಗಲು ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತದೆ. ಮೀನಿನ ಗಾಡಿಯಲ್ಲಿ ಐಸ್ ಕರಗಿದ ಉಪ್ಪುನೀರು ಡಾಲಾದಿಂದ (ಹಿಂದಿನ ಲೋಡ್ ತೊಟ್ಟಿಯಿಂದ) ಸೋರಿ ನೇರ ಆ ಕಪ್ಲರ್ ಮೇಲೇ ಬೀಳುತ್ತದೆ. ಇಂಡಿಕೇಟರ್ ಟಕಟಕ ಅಂತ ಅವಸರದಲ್ಲಿ ಬಡಿದರೆ ಒಂದೋ ಒಂದು ಬಲ್ಬು ಹೋಗಿದೆ, ಇಲ್ಲಾ ಯಾರೋ ಎಲ್‌ಇಡಿ ಬಲ್ಬು ಹಾಕಿದ್ದಾರೆ. ಎಲ್‌ಇಡಿ ಕಮ್ಮಿ ಕರೆಂಟು ಎಳೆಯುವುದರಿಂದ ಬಲ್ಬು ಹೋಯಿತು ಅಂತ ಬಿಸಿಎಮ್ ತಿಳಿಯುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ!

ಸಪ್ಲೈ, ಅರ್ತ್ ಎರಡೂ ಸರಿ ಇದ್ದು ಸ್ಕ್ಯಾನರಿಗೆ ಬಿಸಿಎಮ್ ಸಿಗದಿದ್ದರೆ ಕ್ಯಾನ್ ಲೈನ್ ನೋಡಬೇಕು. ಬ್ಯಾಟರಿ ನೆಗೆಟಿವ್ ತೆಗೆದು, ಓಬಿಡಿ ಸಾಕೆಟ್‌ನ (ಸ್ಕ್ಯಾನರ್ ಚುಚ್ಚುವ ಸಾಕೆಟ್) 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಎರಡು ತುದಿಯಲ್ಲೂ 120 ಓಮಿನ ರೆಸಿಸ್ಟರ್ ಇರುವುದರಿಂದ ಎರಡೂ ಸೇರಿ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡು ವಯರ್ ಎಲ್ಲೋ ಒಂದಕ್ಕೊಂದು ತಾಗಿವೆ. ಆಗ ಬಿಸಿಎಮ್ ಕಪ್ಲರ್ ಎಳೆದು ನೋಡಿ. ಸೊನ್ನೆ ಹೋಗಿ 60 ಬಂದರೆ ಶಾರ್ಟ್ ಇರುವುದು ಬಿಸಿಎಮ್ ಹೊಟ್ಟೆಯಲ್ಲಿ. ಬಿಸಿಎಮ್ ಒಳಗೇ ಒಂದು ರೆಸಿಸ್ಟರ್ ಇರುವ ಗಾಡಿಯಾದರೆ ಆಗ 120 ಬರುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ನಡುವೆ ಗೇಟ್‌ವೇ (ಕ್ಯಾನ್ ಲೈನ್‌ಗಳನ್ನು ಬೇರೆ ಮಾಡಿ ನಡುವೆ ಸಂದೇಶ ದಾಟಿಸುವ ಮಾಡ್ಯೂಲ್) ಇದ್ದು ಬಿಸಿಎಮ್‌ನ ಲೈನೇ ಬೇರೆ ಇರುತ್ತದೆ. ಅಂಥದ್ದರಲ್ಲಿ ನಕ್ಷೆ ನೋಡಿ ಬಿಸಿಎಮ್ ಕಪ್ಲರಿನಲ್ಲೇ ಅಳೆಯಬೇಕು.

ಸ್ಕ್ಯಾನರಿಗೆ ಸಿಕ್ಕರೆ ಕೊನೆಯ ತೀರ್ಪು ಸುಲಭ. ಹೆಡ್‌ಲೈಟ್ ಕೆಲಸ ಮಾಡುತ್ತಿಲ್ಲ ಅಂತಿಟ್ಟುಕೊಳ್ಳಿ. ಸ್ವಿಚ್ ತಿರುಗಿಸಿ ಲೈವ್ ಡಾಟಾದಲ್ಲಿ ನೋಡಿ. ಸ್ವಿಚ್ ಆನ್ ಅಂತ ತೋರಿಸದಿದ್ದರೆ ತಪ್ಪು ಸ್ವಿಚ್ಚಿನದ್ದೋ ಅದರ ವಯರಿನದ್ದೋ. ತೋರಿಸಿದರೆ ಸ್ಕ್ಯಾನರಿನ ಆಕ್ಟಿವ್ ಟೆಸ್ಟ್‌ನಿಂದ ಲೈಟಿಗೆ ಆಜ್ಞೆ ಕೊಟ್ಟು ಬಿಸಿಎಮ್ ಔಟ್‌ಪುಟ್ ಪಿನ್ನಿನಲ್ಲಿ ಅಳೆಯಿರಿ. ಪಿನ್ನಿನಲ್ಲಿ 12 ವೋಲ್ಟ್ ಬಂದರೂ ಲೈಟ್ ಉರಿಯದಿದ್ದರೆ ದೋಷ ಮುಂದಿನ ವಯರಿನಲ್ಲೋ ಬಲ್ಬಿನಲ್ಲೋ. ಸಂಕೇತ ಒಳಗೆ ಬಂದಿದೆ, ಆಜ್ಞೆ ಹೋಗಿದೆ, ಸಪ್ಲೈ ಅರ್ತ್ ಗಟ್ಟಿ ಇದೆ, ಆ ಪಿನ್ನಿನ ವಯರ್ ಎಲ್ಲೂ ಶಾರ್ಟ್ ಆಗಿಲ್ಲ, ಆದರೂ ಪಿನ್ನಿನಲ್ಲಿ ಏನೂ ಇಲ್ಲ ಅಂದರೆ ಬಿಸಿಎಮ್ ಹೋಗಿದೆ. ಇಷ್ಟು ಆಗದೆ ದುಡ್ಡು ಬಿಚ್ಚಬೇಡಿ.

ರಾತ್ರಿ ಬ್ಯಾಟರಿ ಇಳಿಯುವ ದೂರಿಗೆ ಪರೀಕ್ಷೆ ಬೇರೆ. ಲೈಟು, ಫ್ಯಾನ್ ಎಲ್ಲ ಆಫ್ ಮಾಡಿ, ಬಾಗಿಲು ತೆರೆದಿದ್ದರೂ ಅದರ ಲ್ಯಾಚನ್ನು ಸ್ಕ್ರೂ ಡ್ರೈವರಿನಿಂದ ಮುಚ್ಚಿ, ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ನೆಗೆಟಿವ್ ಕೇಬಲ್ ಜೊತೆ ಸರಣಿಯಲ್ಲಿ ಜೋಡಿಸಿ. ಈ ಜೋಡಣೆ ಇರುವಾಗ ಇಗ್ನಿಷನ್ ಆನ್ ಮಾಡಬಾರದು, ಸೆಲ್ಫ್ ಹೊಡೆಯಲೇಬಾರದು. ಮಾಡ್ಯೂಲ್‌ಗಳು ನಿದ್ದೆಗೆ ಹೋಗಲು ಅರ್ಧ ಗಂಟೆ ಕೊಡಿ. ಕೊನೆಗೆ 50 ಮಿಲಿ ಆಂಪಿಯರ್ ಒಳಗೆ ಇಳಿಯಬೇಕು. 300ರಲ್ಲೇ ನಿಂತರೆ ದಿನಕ್ಕೆ 7.2 ಆಂಪಿಯರ್ ಅವರ್ ಸೋರಿಹೋಗುತ್ತದೆ. ಒಂದೊಂದೇ ಫ್ಯೂಸ್ ಎಳೆಯುತ್ತಾ ಹೋಗಿ, ಯಾವುದಕ್ಕೆ ಇಳಿಯಿತು ನೋಡಿ. ಬಿಸಿಎಮ್ ಫ್ಯೂಸಿಗೆ ಇಳಿದರೂ ಬಿಸಿಎಮ್ಮೇ ಕಳ್ಳ ಅನ್ನಲಾಗದು. ಒದ್ದೆಯಾದ ಡೋರ್ ಸ್ವಿಚ್ "ಬಾಗಿಲು ತೆರೆದಿದೆ" ಅಂತ ಸುಳ್ಳು ಹೇಳಿ ಅದನ್ನು ಎಬ್ಬಿಸಿಡುತ್ತಿರಬಹುದು.

ಕೊಂದದ್ದು ಯಾವುದು

ಬಿಸಿಎಮ್ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಡ್ರೈವರ್ ಬದಿಯಲ್ಲೋ ಎಡ ಕಾಲಿನ ಪಕ್ಕದ ಪ್ಯಾನೆಲ್ ಹಿಂದೋ ಇರುತ್ತದೆ. ನೀರು ಇಳಿದು ಬಂದು ಸೇರುವ ಜಾಗವೂ ಅದೇ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರುಗಳಲ್ಲಿ ಇದು ದೊಡ್ಡ ವಿಷಯ. ಮುಂದಿನ ಗಾಜಿನ ಕೆಳಗೆ ವೈಪರ್ ಇರುವ ತೊಟ್ಟಿಯಲ್ಲಿ ಎಲೆ ಕಸ ತುಂಬಿದರೆ ನೀರು ಹೊರಗೆ ಹೋಗದೆ ಕ್ಯಾಬಿನ್ ಒಳಗೆ ಇಳಿಯುತ್ತದೆ. ಮರದಡಿ ಗಾಡಿ ನಿಲ್ಲಿಸುವವರು ಮೊದಲು ಅಲ್ಲಿ ಕೈ ಹಾಕಿ. ಎಸಿಯ ಡ್ರೈನ್ ಪೈಪ್ ಕಟ್ಟಿದರೂ ಎಡಗಡೆ ಕಾಲಿನ ಬಳಿ ನೀರು ನಿಲ್ಲುತ್ತದೆ. ಬದಲಿಸಿದ ಮುಂದಿನ ಗಾಜಿನ ಅಂಟು, ಏರಿಯಲ್ ತೂತು, ಬಾಗಿಲಿನ ಬೀಡಿಂಗ್, ವಯರ್ ಒಳಗೆ ಬರುವ ರಬ್ಬರ್ ಇವನ್ನೂ ನೋಡಿ. ಒಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು, ಕೆಳಗಿನಿಂದ ಮೇಲಕ್ಕೆ. ಇನ್ನೊಬ್ಬರು ಒಳಗೆ ಟಾರ್ಚು ಹಿಡಿದು ಕೂರಬೇಕು. ಮ್ಯಾಟ್ ಕೆಳಗಿನ ಫೋಮ್ ಒದ್ದೆ ಇದ್ದರೆ ಸಾಕ್ಷಿ ಸಿಕ್ಕಿತು.

ಎರಡನೇ ಕೊಲೆಗಾರ ಎಕ್ಸ್‌ಟ್ರಾ ಫಿಟ್ಟಿಂಗ್. ಕಂಪನಿ ಕೊಡುವ ಎಚ್4 ಬಲ್ಬು 60/55 ವ್ಯಾಟಿನದ್ದು. ಅದರ ಜಾಗದಲ್ಲಿ 100/90 ಹಾಕಿ, ಪಾರ್ಕ್ ಲೈಟ್ ವಯರಿನಿಂದಲೇ ಕ್ಯಾಬಿನ್ ಸುತ್ತ ಬಣ್ಣದ ಲೈಟಿಗೆ ಎಳೆದು, ಹಾರ್ನಿಗೆ ಇನ್ನೊಂದು ಜೋಡಿ ಸೇರಿಸಿದರೆ ಬಿಸಿಎಮ್ ಒಳಗಿನ ಸಣ್ಣ ಎಲೆಕ್ಟ್ರಾನಿಕ್ ಸ್ವಿಚ್ಚು ಎಷ್ಟು ತಡೆದೀತು? ಲೈಟು ಬೇಕೇ ಬೇಕಿದ್ದರೆ ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್, ಪ್ರತ್ಯೇಕ ರಿಲೇ ಹಾಕಿಸಿ. ಹೊಸ ಬಿಸಿಎಮ್ ಕೂರಿಸುವ ಮುಂಚೆ ಹಳೆ ಕೊಂಡಿಗಳೆಲ್ಲ ಕಿತ್ತುಬರಬೇಕು.

ಪಾರ್ಟ್ ತರುವುದು

ಹಳೆ ಬಿಸಿಎಮ್ ಮೇಲಿನ ಸ್ಟಿಕ್ಕರಿನ ಪೂರ್ತಿ ನಂಬರು ಬರೆದುಕೊಳ್ಳಿ, ಕೊನೆಯ ಅಕ್ಷರ ಕೂಡ ಬಿಡದೆ. ನೋಡಲು ಒಂದೇ ಥರ ಇದ್ದರೂ ಪವರ್ ವಿಂಡೋ ಇರುವ ಮಾಡೆಲ್ಲಿನದ್ದು ಬೇರೆ, ಇಲ್ಲದ್ದರದ್ದು ಬೇರೆ ಆಗಿರಬಹುದು. ಶೋರೂಮ್ ಕೌಂಟರಿನಲ್ಲಿ ಆರ್‌ಸಿ ತೋರಿಸಿ, 17 ಅಕ್ಷರದ ಚಾಸಿಸ್ ನಂಬರ್ ಕೊಟ್ಟೇ ಆರ್ಡರ್ ಮಾಡಿ. ಎಲೆಕ್ಟ್ರಿಕಲ್ ಪಾರ್ಟನ್ನು ಸಾಮಾನ್ಯವಾಗಿ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಗಾಡಿಗೆ ವಾರಂಟಿ ಇದ್ದರೆ ನೀವು ಕೈ ಹಾಕಲೇಬೇಡಿ.

ಗುಜರಿಯಿಂದ ತರುವ ಯೋಚನೆ ಎಲ್ಲರಿಗೂ ಬರುತ್ತದೆ. ಅದರೊಳಗೆ ಬೇರೆ ಗಾಡಿಯ ಚಾಸಿಸ್ ನಂಬರು, ಬೇರೆ ಕೀಗಳ ಗುರುತು ಕೂತಿರುತ್ತದೆ. ಕೆಲವು ಕಂಪನಿಗಳ ಬಿಸಿಎಮ್ ಒಮ್ಮೆ ಬರೆದದ್ದನ್ನು ಮತ್ತೆ ಬರೆಯಲು ಬಿಡುವುದಿಲ್ಲ. ಹಳೆಯದರ ಮೆಮೊರಿ ಚಿಪ್ಪಿನ ಡಾಟಾ ಇದಕ್ಕೆ ವರ್ಗಾಯಿಸುವ ಕೈಗಳು ಇವೆ, ಚೆನ್ನಾಗಿಯೇ ಮಾಡುತ್ತಾರೆ. ಆದರೆ ಹಳೆಯದು ನೀರು ಕುಡಿದು ಆ ಚಿಪ್ಪೇ ಹೋಗಿದ್ದರೆ ದಾರಿ ಮುಚ್ಚಿತು. ನನ್ನ ಮಟ್ಟಿಗೆ, ಇಮ್ಮೊಬಿಲೈಸರ್ ಒಳಗೇ ಇರುವ ಬಿಸಿಎಮ್ ಆದರೆ ಹೊಸದೇ ವಾಸಿ.

ಬಿಚ್ಚುವುದು

ಬ್ಯಾಟರಿ ತೆಗೆಯುವ ಮೊದಲೇ ಸ್ಕ್ಯಾನರಿನವರನ್ನು ಕರೆಸಿ. ಹಳೆ ಬಿಸಿಎಮ್ ಇನ್ನೂ ಮಾತಾಡುತ್ತಿದ್ದರೆ ಅದರ ಕೋಡಿಂಗ್ ಡಾಟಾ ಓದಿ ಉಳಿಸಿಕೊಳ್ಳಬಹುದು. ಇದೊಂದು ಮಾಡಿದರೆ ಮುಂದಿನ ಅರ್ಧ ತಲೆನೋವು ಕಡಿಮೆ.

ಡ್ರೈವರ್ ಬದಿಯ ಗಾಜು ಕೆಳಗಿಳಿಸಿ. ಬ್ಯಾಟರಿ ಮತ್ತೆ ಕೊಡುವಾಗ ಡೋರ್‌ಗಳು ತಾವೇ ಲಾಕ್ ಆಗಿಬಿಡುವುದುಂಟು. ಕೀ ಜೇಬಿನಲ್ಲಿರಲಿ. ಇಗ್ನಿಷನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು 10ರ ಪಾನಾದಲ್ಲಿ ನೆಗೆಟಿವ್ ತೆಗೆಯಿರಿ, ಟರ್ಮಿನಲಿಗೆ ಬಟ್ಟೆ ಸುತ್ತಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಕನಿಷ್ಠ 3 ನಿಮಿಷ ಕಾಯಬೇಕು, ಮ್ಯಾನ್ಯುವಲ್ ಜಾಸ್ತಿ ಹೇಳಿದರೆ ಅಷ್ಟು. ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದ್ದು. ಅದಕ್ಕೆ ಮೀಟರ್ ಹಿಡಿಯಬೇಡಿ.

ಪ್ಯಾನೆಲ್‌ನ ಸ್ಕ್ರೂ ತೆಗೆದು, ಟ್ರಿಮ್ ಟೂಲಿನಿಂದ ಕ್ಲಿಪ್ ಇರುವ ಜಾಗದಲ್ಲೇ ಎಬ್ಬಿ. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಸಿಡುಕು ಸ್ವಭಾವದ್ದು, ಒಂದೆರಡು ಕ್ಲಿಪ್ ಮುರಿದೇ ಮುರಿಯುತ್ತದೆ. ಬಿಸಿಎಮ್ ಕಂಡ ಮೇಲೆ ಎಲ್ಲ ಬದಿಯಿಂದ ಫೋಟೋ ತೆಗೆಯಿರಿ. ಫ್ಯೂಸ್ ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುವ ಮಾದರಿಯಾದರೆ ಫ್ಯೂಸ್‌ಗಳ ಫೋಟೋ ಕೂಡ. ಪ್ರತಿ ಕಪ್ಲರಿಗೂ ಕಾಗದದ ಟೇಪ್ ಅಂಟಿಸಿ ನಂಬರ್ ಹಾಕಿ. ದೊಡ್ಡ ಕಪ್ಲರ್‌ಗಳಿಗೆ ಲಿವರ್ ಲಾಕ್ ಇರುತ್ತದೆ. ಲಾಕ್ ಒತ್ತಿ ಲಿವರ್ ಪೂರ್ತಿ ತಿರುಗಿಸಿದರೆ ಕಪ್ಲರ್ ತಾನೇ ಹೊರಬರುತ್ತದೆ. ವಯರ್ ಹಿಡಿದು ಜಗ್ಗುವ ಹಾಗಿಲ್ಲ.

ಹೊರಬಂದ ಕಪ್ಲರಿನ ಬಾಯಿ ನೋಡಿ. ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೃದು ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಸ್ಯಾಂಡ್ ಪೇಪರ್ ಹಾಕಿದರೆ ಪಿನ್ನಿನ ಮೇಲಿನ ಲೇಪ ಹೋಗಿ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ. ತಿಂದುಹೋದ ಟರ್ಮಿನಲ್ ಆದರೆ ಅದನ್ನೇ ಬದಲಿಸಬೇಕು. ತೆಂಗಿನೆಣ್ಣೆ ಹಚ್ಚುವವರೂ ಇದ್ದಾರೆ. ದಯವಿಟ್ಟು ಅದು ತಲೆಗೇ ಇರಲಿ.

ಹೊಸದು ಹಾಕುವುದು, ಕೋಡಿಂಗ್

ಹೊಸ ಬಿಸಿಎಮ್ ಪ್ಯಾಕೆಟ್ ಬಿಡಿಸುವ ಮುಂಚೆ ಗಾಡಿಯ ಬರಿ ಲೋಹ ಮುಟ್ಟಿ, ಮೈಯ ಸ್ಟ್ಯಾಟಿಕ್ ಇಳಿಯುತ್ತದೆ. ಮಳೆಗಾಲದ ಒದ್ದೆ ಹವೆಯಲ್ಲಿ ಆ ಭಯ ಕಮ್ಮಿ, ಡಿಸೆಂಬರಿನಲ್ಲಿ ಜಾಸ್ತಿ. ಪಿನ್‌ಗಳನ್ನು ಕೈಯಿಂದ ಮುಟ್ಟಬೇಡಿ. ಕಪ್ಲರ್‌ಗಳನ್ನು ನಂಬರ್ ಪ್ರಕಾರ ಜೋಡಿಸಿ, ಟಕ್ ಅನ್ನುವವರೆಗೆ. ವಯರ್ ಗೊಂಚಲು ಕಪ್ಲರಿಗಿಂತ ಕೆಳಗೆ ಬಾಗಿ ಮತ್ತೆ ಮೇಲೆ ಬರುವ ಹಾಗೆ ಕಟ್ಟಿ. ಆಗ ವಯರ್ ಮೇಲೆ ಇಳಿದು ಬಂದ ನೀರು ಬಾಗಿದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಪೆಟ್ಟಿಗೆಯ ಸುತ್ತ ಸಿಲಿಕಾನ್ ಬಳಿದು ಮುಚ್ಚಬೇಡಿ. ಒಳಗಿನ ತೇವ ಹೊರಗೆ ಹೋಗಲು ದಾರಿ ಇರದೆ ಅಲ್ಲೇ ಬೆವರುತ್ತದೆ.

ಬ್ಯಾಟರಿ ಜೋಡಿಸಿದ ಕೂಡಲೇ ಎಲ್ಲ ಸರಿಯಾಗುತ್ತದೆ ಅಂದುಕೊಳ್ಳಬೇಡಿ. ಹೊಸ ಬಿಸಿಎಮ್‌ಗೆ ಇದು ಯಾವ ಗಾಡಿ, ಏನೇನು ಉಂಟು ಅಂತ ಗೊತ್ತಿಲ್ಲ. ಚಾಸಿಸ್ ನಂಬರ್ ಬರೆಯುವುದು, ಮಾಡೆಲ್ ಕೋಡಿಂಗ್, ಆಮೇಲೆ ಇಮ್ಮೊಬಿಲೈಸರ್ ಮತ್ತು ಕೀ ಕಲಿಸುವುದು, ಹೆಚ್ಚಿನ ಗಾಡಿಗಳಲ್ಲಿ ಈ ಸಾಲಿನಲ್ಲಿ ನಡೆಯುತ್ತದೆ. ಕೀ ಕಲಿಸುವಾಗ ಹಳೆ ಗುರುತೆಲ್ಲ ಅಳಿಸಿಹೋಗುವುದುಂಟು, ಹಾಗಾಗಿ ಮನೆಯಲ್ಲಿರುವ ಎರಡನೇ ಕೀ ಕೂಡ ತನ್ನಿ. ಕೆಲವು ಕಂಪನಿಗಳ ಗಾಡಿಯಲ್ಲಿ ಕೀ ಕಲಿಸಲು ಒಂದು ಗುಪ್ತ ಸಂಖ್ಯೆ (ಪಿನ್ ಕೋಡ್) ಬೇಕಾಗುತ್ತದೆ. ಅದು ಶೋರೂಮಿನಲ್ಲಿ ಆರ್‌ಸಿ, ಗುರುತಿನ ಚೀಟಿ ತೋರಿಸಿದ ಮೇಲೆ ಸಿಗುತ್ತದೆ. ಒಂದು ದಿನ ಮುಂಚೆಯೇ ತಂದಿಟ್ಟುಕೊಳ್ಳಿ.

ಬರೆಯುವ ನಡುವೆ ವೋಲ್ಟೇಜ್ ಕುಸಿದರೆ ಹೊಸ ಬಿಸಿಎಮ್ ಅರ್ಧ ಬರೆದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಾದಾ ಚಾರ್ಜರಿನ ಕರೆಂಟು ಏರಿಳಿಯುತ್ತದೆ, ಸಂಜೆ ಗುಡುಗು ಬಂದರೆ ಲೈನೂ ಹೋಗುತ್ತದೆ. ಪೂರ್ತಿ ಚಾರ್ಜ್ ಆದ ಇನ್ನೊಂದು 12 ವೋಲ್ಟ್ ಬ್ಯಾಟರಿಯನ್ನು ಜಂಪರ್ ಕೇಬಲಿನಿಂದ, ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಜೋಡಿಸಿಡಿ. ಹೆಡ್‌ಲೈಟ್, ಫ್ಯಾನ್, ಸ್ಟೀರಿಯೊ ಆಫ್. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ತುಂಬಿರಲಿ. ಕೆಲಸ ಮುಗಿಯುವ ತನಕ ಬಾಗಿಲು ತೆರೆಯುವುದು, ಸ್ವಿಚ್ ಒತ್ತುವುದು ಬೇಡ.

ಗಾಡಿ ಹೊರಗೆ ಹೋಗುವ ಮುಂಚೆ

ಎಲ್ಲ ಕೋಡ್ ಅಳಿಸಿ ಮತ್ತೆ ಸ್ಕ್ಯಾನ್ ಮಾಡಿ. ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್, ರಿವರ್ಸ್, ಇಂಡಿಕೇಟರ್, ನಂಬರ್ ಪ್ಲೇಟ್ ಲೈಟು ನೋಡಿ. ವೈಪರಿನ ಎಲ್ಲ ವೇಗ, ಹಾರ್ನ್, ಎರಡೂ ಕೀಯಿಂದ ಲಾಕ್ ಮತ್ತು ಸ್ಟಾರ್ಟ್. ಪವರ್ ವಿಂಡೋ ತಾನಾಗಿ ಏರುವುದು ನಿಂತಿದ್ದರೆ ಗಾಜು ಪೂರ್ತಿ ಇಳಿಸಿ, ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಿಡಿದುಕೊಂಡರೆ ಹಲವು ಗಾಡಿಗಳಲ್ಲಿ ಸರಿಹೋಗುತ್ತದೆ. ಆಮೇಲೆ ಅರ್ತ್ ಅಳತೆ ಮತ್ತು ನಿದ್ದೆಯ ಕರೆಂಟು ಎರಡನ್ನೂ ಇನ್ನೊಮ್ಮೆ ತೆಗೆದು ಬರೆದಿಡಿ. ಮುಂದೆ ಏನಾದರೂ ಬಂದರೆ ಹೋಲಿಸಲು ಬೇಕು.

ಕೊನೆಯದಾಗಿ ಪ್ಯಾನೆಲ್ ಮುಚ್ಚದೆಯೇ ಮತ್ತೆ ಗಾಜಿನ ಮೇಲೆ ಪೈಪಿನಿಂದ ನೀರು ಬಿಡಿ. ಹದಿನೈದು ನಿಮಿಷ ಬಿಟ್ಟರೂ ಬಿಸಿಎಮ್ ಸುತ್ತ ಒಣಗಿಯೇ ಇದ್ದರೆ ಆಗ ಕ್ಲಿಪ್ ಹಾಕಿ. ಹಳೆ ಬಿಸಿಎಮ್ಮನ್ನು ಕೂಡಲೇ ಗುಜರಿಗೆ ಕೊಡಬೇಡಿ. ನಿಮ್ಮ ಕೀಗಳ ಗುರುತು ಅದರಲ್ಲಿದೆ, ಹೊಸದರಲ್ಲಿ ಏನಾದರೂ ಎಡವಟ್ಟಾದರೆ ಡಾಟಾ ತೆಗೆಯಲು ಅದೇ ಆಸರೆ. ಒಂದು ಮಳೆಗಾಲ ಕಳೆಯುವವರೆಗಾದರೂ ಒಣ ಡಬ್ಬದಲ್ಲಿ ಹಾಕಿಡಿ.